ಭಾಂಡೆ ಸಾಹುಕಾರರ ಝುಣಕ

ಬಸವಕಲ್ಯಾಣದ ಬಜಾರಿನಲ್ಲಿರುವ ಮಹಾರುದ್ರಪ್ಪನವರ ಭಾಂಡೆ-ಪಾತ್ರೆಗಳ ಅಂಗಡಿಗೆ ಹೋಗಿ, ಒಂದು ಸೌಟು ಕೊಂಡು, ಸುಮ್ಮನೆ ಮನೆಗೆ ಮರಳಿದವರು ಇದುವರೆಗೆ ಯಾರೂ ಇಲ್ಲ. ಸೌಟಿನ ಜೊತೆಗೆ ಅದರಿಂದ ಬೇಳೆಯನ್ನು ಹೇಗೆ ತಿರುವಬೇಕು, ಯಾವ ಕಡೆಯಿಂದ ಯಾವ ಕಡೆಗೆ ತಿರುವಬೇಕು, ತಿರುವುವಾಗ ಮನಸ್ಸು ಹೇಗಿರಬೇಕು ಎಂಬ ಉಪದೇಶವನ್ನೂ ಕಟ್ಟಿಸಿಕೊಂಡೇ ಬರಬೇಕು. ಕುಕ್ಕರ್ ಕೊಂಡವರಿಗಂತೂ ಅರ್ಧ ಗಂಟೆ ಬಿಡುಗಡೆಯಿಲ್ಲ.

ಮೂವತ್ತು ವರ್ಷಗಳಿಂದ ಊರಿನ ಹೆಂಗಸರಿಗೆ ಹೀಗೆ ಅಡುಗೆ ಕಲಿಸುತ್ತ ಬಂದ ಈ ಮಹಾನುಭಾವರು ಸ್ವತಃ ಒಂದು ದಿನವೂ ಒಲೆ ಹೊತ್ತಿಸಿದವರಲ್ಲ. ಕುಡಿಯಲು ನೀರು ಬೇಕಾದರೂ ಅಡುಗೆಮನೆಯ ಹೊಸ್ತಿಲಿನ ಹೊರಗೆ ನಿಂತು ಕೆಮ್ಮುತ್ತಿದ್ದರು; ಒಳಗಿನಿಂದ ತಂಬಿಗೆ ಬರುತ್ತಿತ್ತು. ಹಾಗೆಂದು ಅವರು ಸುಳ್ಳುಗಾರರೇನಲ್ಲ. ತಮಗೆ ಅಡುಗೆ ಬರುತ್ತದೆ ಎಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಮಾಡಿ ನೋಡಿರಲಿಲ್ಲ, ಅಷ್ಟೇ.

ಒಂದು ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ನಾಲ್ಕೈದು ಹೆಂಗಸರಿದ್ದರು. ಅವರಲ್ಲಿ ಐವತ್ತರ ಆಸುಪಾಸಿನ, ಊರಿಗೆ ಹೊಸಬರಂತೆ ಕಾಣುವ ಒಬ್ಬ ಹೆಣ್ಣುಮಗಳು ಕಬ್ಬಿಣದ ಕಡಾಯಿಯೊಂದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಮಹಾರುದ್ರಪ್ಪನವರಿಗೆ ಅಷ್ಟು ಸಾಕಾಯಿತು.

"ಅಕ್ಕಾರ, ಆ ಕಡಾಯಿ ಕೈಯಾಗ ಹಿಡದೀರಿ ಅಂದ್ರ ಝುಣಕದ ಯೋಗ ಕೂಡಿ ಬಂದದ ಅಂತ ತಿಳ್ಕೋರಿ. ಆದ್ರ ಝುಣಕ ಅಂದ್ರ ಆಟ ಅಲ್ಲ. ಎಣ್ಣಿ ಕಾಯೂತನಕ ಮಾತಾಡಬಾರ್ದು. ಕಡ್ಲಿ ಹಿಟ್ಟು ಹಾಕುವಾಗ ಉಸಿರು ಬಿಡಬಾರ್ದು. ಉಸಿರು ಬಿಟ್ರಿ, ಗಂಟಾತು!"

ಆಕೆ ಕಡಾಯಿ ಕೆಳಗಿಟ್ಟು ಅವರನ್ನೇ ನೋಡಿದರು. "ನೀವು ಮಾಡ್ತೀರೇನ್ರಿ ಸಾಹುಕಾರ್ರ?"

ಇಲ್ಲ ಎಂಬುದು ಎರಡಕ್ಷರದ ಮಾತು. ಆದರೆ ಐದು ಜನ ಹೆಂಗಸರು ಒಟ್ಟಿಗೆ ತಮ್ಮ ಮುಖ ನೋಡುತ್ತಿರುವಾಗ ಆ ಎರಡಕ್ಷರ ಮಹಾರುದ್ರಪ್ಪನವರ ಗಂಟಲಿನಿಂದ ಮೇಲೆ ಬರಲಿಲ್ಲ.

"ಮಾಡ್ತೀರೇನ್ರಿ ಅಂತ ಕೇಳ್ತೀರಲ್ಲಕ್ಕಾರ! ರವಿವಾರ ಬಂತಂದ್ರ ನಮ್ಮ ಮನ್ಯಾಗ ಒಲಿ ಮುಂದ ನಾನೇ. ನಮ್ಮಾಕಿ ಸುಮ್ಮ ಕುಂತು ಉಣ್ಣೂದು, ಅಷ್ಟ."

"ಖರೇ?"

"ಖರೇ ಅಂದ್ರ ಖರೇ."

ಆಕೆ ಕಡಾಯಿ ಕಟ್ಟಿಸಿಕೊಂಡು ಲಗುಬಗೆಯಿಂದ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಹೋದವರು ಯಾರು ಎಂದು ಗೊತ್ತಿದ್ದರೆ ಮಹಾರುದ್ರಪ್ಪನವರು ಕಡಾಯಿಯನ್ನು ಬಿಟ್ಟು, ತಮ್ಮ ಮಾತನ್ನು ವಾಪಸ್ ತೆಗೆದುಕೊಳ್ಳಲು ಬರಿಗಾಲಲ್ಲಿ ಓಡುತ್ತಿದ್ದರು.

ಆಕೆ ಹುಮನಾಬಾದಿನ ಶಕುಂತಲಾಬಾಯಿ. ಅಲ್ಲಿಯ ಧಾನ್ಯದ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಸಂಜೀವಕುಮಾರರ ಅಕ್ಕ. ಸಂಜೀವಕುಮಾರರ ಮಗಳು ದೀಪಾಲಿಗೂ ಮಹಾರುದ್ರಪ್ಪನವರ ಒಬ್ಬನೇ ಮಗ ಬಸವಕಿರಣನಿಗೂ ಸಂಬಂಧದ ಮಾತು ನಡೆದಿತ್ತು. ಹುಡುಗ ಹುಡುಗಿ ಒಮ್ಮೆ ಭೇಟಿಯಾಗಿದ್ದರು, ಒಬ್ಬರನ್ನೊಬ್ಬರು ಮೆಚ್ಚಿಯೂ ಇದ್ದರು. ಆದರೆ ದೀಪಾಲಿಯದೊಂದು ಷರತ್ತು. ಆಕೆ ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಪಾಳಿಯ ಕೆಲಸ ಮಾಡುವವಳು. "ಗಂಡಸರು ಅಡಗಿ ಮನಿ ಹೊಸ್ತಿಲು ದಾಟೂ ಮನಿ ಇದ್ರ ಹೇಳ್ರಿ, ಇಲ್ಲಂದ್ರ ಬ್ಯಾಡ್ರಿ," ಎಂದು ಖಡಾಖಂಡಿತವಾಗಿ ಹೇಳಿ ಈಗಾಗಲೇ ಮೂರು ಮನೆ ಬಿಟ್ಟಿದ್ದಳು. ನಾಲ್ಕನೆಯ ಮನೆಯ ಗುಟ್ಟು ತಿಳಿದು ಬರಲೆಂದು ಅತ್ತೆ ಕಡಾಯಿಯ ನೆಪ ಮಾಡಿಕೊಂಡು ಬಂದಿದ್ದರು.

ಬಾಯಿಮಾತಿಗೆ ಪ್ರಯಾಣ ಒಗ್ಗುತ್ತದೆ. ಬಸವಕಲ್ಯಾಣದಲ್ಲಿ ಬಸ್ಸು ಹತ್ತುವಾಗ ಮಹಾರುದ್ರಪ್ಪನವರು ಬರೀ ರವಿವಾರ ಅಡುಗೆ ಮಾಡುತ್ತಿದ್ದರು. ಬಸ್ಸು ಹುಮನಾಬಾದ್ ಮುಟ್ಟುವಷ್ಟರಲ್ಲಿ ದಿನಾ ಮಾಡತೊಡಗಿದರು. ಶಕುಂತಲಾಬಾಯಿ ಮನೆ ಸೇರಿ, ಕೈಕಾಲು ತೊಳೆದು, ತಮ್ಮನ ಮುಂದೆ ಕುಳಿತು ಬಾಯಿ ಬಿಚ್ಚುವ ಹೊತ್ತಿಗೆ ಅವರ ಹೆಂಡತಿ ಅಡುಗೆಮನೆಯ ಮುಖ ನೋಡಿ ಹದಿನೈದು ವರ್ಷವಾಗಿತ್ತು.

ಮರುದಿನ ಸಂಜೆ ಮಹಾರುದ್ರಪ್ಪನವರ ಮೊಬೈಲ್ ಮೊಳಗಿತು. ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತನಾಡುವವರು. ಎದುರಿಗೆ ಹೆಂಡತಿ ಯಶೋದಾಬಾಯಿ ಹೆಸರುಬೇಳೆ ಹಸನು ಮಾಡುತ್ತಿದ್ದರು. ಮಗ ಬಸವಕಿರಣ ಪರೀಕ್ಷೆಯ ಪೇಪರು ತಿದ್ದುತ್ತಿದ್ದ. ಅವನು ಮುಡಬಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು.

"ಶರಣು ಶರಣಾರ್ಥಿರಿ, ನಾ ಹುಮನಾಬಾದ್ ಸಂಜೀವಕುಮಾರ. ನಿನ್ನೆ ನಿಮ್ಮಲ್ಲಿ ಕಡಾಯಿ ಒಯ್ದಾಕಿ ನಮ್ಮ ಅಕ್ಕ, ಎಲ್ಲಾ ಹೇಳ್ಯಾಳ್ರಿ. ಕೇಳಿ ನಮ್ಮ ದೀಪಾಲಿಗಿ ಭಾಳ ಖುಷಿ ಆಗ್ಯದ. ಹದಿನೈದು ವರ್ಷಾತಂತಲ್ರಿ ಮನಿಯವರಿಗೆ ಒಲಿ ಮುಂದ ಕುಂಡ್ರಾಕ ಕೊಟ್ಟಿಲ್ಲಂತ ನೀವು!"

ಯಶೋದಾಬಾಯಿಯ ಕೈಯಲ್ಲಿದ್ದ ಮೊರ ಅಲ್ಲಿಗೇ ನಿಂತಿತು.

"ಬರೋ ರವಿವಾರ ಹನ್ನೊಂದಕ್ಕ ಮನಿ ನೋಡಾಕ ಬರ್ತೀವ್ರಿ. ನಮ್ಮ ಅವ್ವ ತುಳಜಾಬಾಯಿನೂ ಬರ್ತಾಳ. ನಿಮ್ಮ ಕೈ ಝುಣಕ ರೊಟ್ಟಿನೇ ಆಗಬೇಕು ನೋಡ್ರಿ. ಮತ್ತೇನೂ ಬ್ಯಾಡ."

"ಬರ್ರಿ, ಬರ್ರಿ," ಎಂದರು ಮಹಾರುದ್ರಪ್ಪನವರು. ಬೇರೇನು ಹೇಳಿಯಾರು?

ಅವರು ಫೋನು ಕೆಳಗಿಟ್ಟರು. ಆಮೇಲೆ ಯಶೋದಾಬಾಯಿ ಮೊರವನ್ನು ಗಂಡನ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಮಂಚದ ಮೇಲೆ ಕಾಲು ಚಾಚಿ ಕುಳಿತರು.

"ಏನಿದು?" ಎಂದರು ಮಹಾರುದ್ರಪ್ಪನವರು.

"ನೀವೇ ಹೇಳೀರಲ್ರಿ, ಹದಿನೈದು ವರ್ಷಾತು ನಾ ಅಡಗಿ ಮನಿಗೆ ಹೋಗಿಲ್ಲಂತ. ಹುಮನಾಬಾದ್ ತನಕಾ ಗೊತ್ತಾಗ್ಯದ. ಇನ್ನ ನಾ ಹ್ಯಾಂಗ ಹೋಗ್ಲಿ? ಗಂಡನ ಮಾತು ಸುಳ್ಳು ಮಾಡಿದಾಕಿ ಅನ್ನೋ ಹೆಸರು ನನಗ ಬ್ಯಾಡವ್ವಾ."

"ನಾ ರವಿವಾರ ಅಷ್ಟ ಅಂದಿದ್ದೆ!"

"ಆ ರವಿವಾರಾನೂ ನಾ ನೋಡಿಲ್ರಿ. ನೋಡೂಣಂತ ಕುಂತೀನಿ."

ಪತಿವ್ರತೆಯ ಈ ನಿಷ್ಠೆಯ ಮುಂದೆ ಯಾವ ಗಂಡ ಏನು ಮಾಡಬಲ್ಲ? ಮಹಾರುದ್ರಪ್ಪನವರು ಮಗನ ಕಡೆ ತಿರುಗಿದರು. ಬಸವಕಿರಣ ಕೆಂಪು ಪೆನ್ನು ಮುಚ್ಚಿಟ್ಟು ಹೇಳಿದ, "ಅಪ್ಪಾ, ಹೇಳ್ತೀನಿ ಕೇಳು. ಲಗ್ನ ಆದ್ರ ಈ ಹುಡಿಗೀನೇ. ನಿನ್ನ ಝುಣಕ ಕೆಡ್ತಂದ್ರ ನನ್ನ ಜನ್ಮ ಕೆಡ್ತು."

"ಕೆಡೂದು ಹ್ಯಾಂಗ? ಮೂವತ್ತು ವರ್ಷದಿಂದ ಊರಿಗೇ ಹೇಳಾಕತ್ತೀನಿ."

"ಹೇಳೂದು ಥಿಯರಿ. ಇದು ಪ್ರಾಕ್ಟಿಕಲ್."

ಸೋಮವಾರ ಬೆಳಿಗ್ಗೆ ಬಸವಕಿರಣ ಶಾಲೆಯಿಂದ ತಂದಿಟ್ಟಿದ್ದ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತೆಗೆದು, ನಾಲ್ಕು ಕಾಲಂ ಗೆರೆ ಹೊಡೆದು, ಅಡುಗೆಮನೆಯ ಬಾಗಿಲಿನ ಹಿಂಬದಿಗೆ ಅಂಟಿಸಿದ. ಕ್ರಮಸಂಖ್ಯೆ, ಪ್ರಯೋಗ, ಫಲಿತಾಂಶ, ಷರಾ. ಪಕ್ಕದಲ್ಲಿ ದಾರ ಕಟ್ಟಿ ಪೆನ್ಸಿಲೊಂದನ್ನು ತೂಗುಬಿಟ್ಟ. ವಿಜ್ಞಾನ ಓದಿದವರ ಹಣೆಬರಹ ಅದು. ಅವರಿಗೆ ಬರೆದಿಡದೆ ಯಾವುದೂ ಆದಂತಾಗುವುದಿಲ್ಲ.

ಮೊದಲನೆಯ ಪ್ರಯೋಗವೇ ಅರ್ಧ ಗಂಟೆ ತೆಗೆದುಕೊಂಡಿತು. ಮಹಾರುದ್ರಪ್ಪನವರು ಲೈಟರ್ ಒತ್ತಿದರು, ಒತ್ತಿದರು, ಒತ್ತಿದರು. ಗ್ಯಾಸ್ ಹೊತ್ತಲಿಲ್ಲ. ಮಂಚದ ಮೇಲಿನಿಂದ ಯಶೋದಾಬಾಯಿ ಚುರುಮುರಿ ತಿನ್ನುತ್ತ ನೋಡುತ್ತಿದ್ದರು. ಅವರು ನೋಡಿದಾಗಲೆಲ್ಲ ಗಂಡ ಲೈಟರನ್ನು ತಲೆಕೆಳಗಾಗಿ ಹಿಡಿಯುತ್ತಿದ್ದರು. ಕೊನೆಗೆ ಸಿಲಿಂಡರಿನ ರೆಗ್ಯುಲೇಟರ್ ತಿರುವಿಯೇ ಇಲ್ಲವೆಂದು ಮಗ ಕಂಡುಹಿಡಿದ. ಆಮೇಲೆ ಚಹಾ ಉಕ್ಕಿತು. ಅನ್ನ ತಳಹಿಡಿಯಿತು. ಸಂಜೆ ತಂದೆ ಮಗ ಇಬ್ಬರೂ ಬಾಳೆಹಣ್ಣು ತಿಂದರು.

ಹೆಂಡತಿಯ ಕಣ್ಣಿನೆದುರು ವಿದ್ಯೆ ಹತ್ತುವುದಿಲ್ಲವೆಂದು ಮಹಾರುದ್ರಪ್ಪನವರು ಮಂಗಳವಾರ ತಮ್ಮ ಪಾಠಶಾಲೆಯನ್ನು ಅಂಗಡಿಯ ಹಿಂದಿನ ಕೋಣೆಗೆ ವರ್ಗಾಯಿಸಿದರು. ಪಾತ್ರೆಗೆ ಅಲ್ಲೇನೂ ಕೊರತೆಯಿರಲಿಲ್ಲ. ಗುರುವಾಗಿ ಬಂದವರು ಅಜೀಮುದ್ದೀನ್. ಸುತ್ತಲಿನ ಎರಡು ತಾಲೂಕುಗಳ ಮದುವೆಗಳಿಗೆ ದೇಗು ಎಂಬ ದೊಡ್ಡ ಹಂಡೆ ಏರಿಸುವ ಹಿರಿಯ ಬಾವರ್ಚಿ. ಸಸ್ಯಾಹಾರದ ಅಡುಗೆಗೂ ಅಷ್ಟೇ ಹೆಸರುವಾಸಿ. ಅಂಗಡಿಯ ಹಳೆಯ ಗಿರಾಕಿ.

"ಅಜೀಮಭಾಯಿ, ನಾಕು ಮಂದಿಗೆ ಝುಣಕ ಮಾಡಬೇಕು. ಕಡ್ಲಿ ಹಿಟ್ಟು ಎಷ್ಟು?"

"ನಾಕು ಮಂದಿ?" ಅಜೀಮುದ್ದೀನ್ ಗಡ್ಡ ನೀವಿಕೊಂಡು ಬಹಳ ಹೊತ್ತು ಯೋಚಿಸಿದರು. "ನಾಕು ಮಂದೀದು ನಾ ಎಂದೂ ಮಾಡಿಲ್ಲ ಸಾಹುಕಾರ್. ನಾಕು ಮಂದೀದು ದೇಗಿನ ತಳಕ್ಕೂ ಹತ್ತಂಗಿಲ್ಲ. ಐನೂರು ಮಂದೀದು ಕೇಳ್ರಿ, ನಿದ್ದಿಗಣ್ಣಾಗ ಹೇಳ್ತೀನಿ. ಹಿಟ್ಟು ಇಪ್ಪತ್ತೈದು ಕಿಲೋ, ಉಳ್ಳಾಗಡ್ಡಿ ಮೂವತ್ತು, ಹಸಿಮೆಣಸಿನಕಾಯಿ ಐದು, ಉಪ್ಪು ಎರಡು. ಭಾಗಾಕಾರ ನೀವೇ ಮಾಡ್ಕೋರಿ."

"ನಿಮ್ಮ ಮನ್ಯಾಗ ನೀವು ಮಾಡಂಗಿಲ್ಲೇನು?"

"ಮನ್ಯಾಗ ನಮ್ಮ ಬೀಬಿ ಮಾಡ್ತಾಳ. ನಾ ಒಳಗ ಹೋದ್ರ 'ಇದೇನು ಶಾದಿ ಮನಿ ಅಲ್ಲ, ಹೊರಗ ನಡೀರಿ' ಅಂತಾಳ."

ಮಹಾರುದ್ರಪ್ಪನವರು ರಟ್ಟಿನ ಮೇಲೆ ಐನೂರರಿಂದ ಭಾಗಿಸಿ, ನಾಲ್ಕರಿಂದ ಗುಣಿಸಿ ಲೆಕ್ಕ ಹಾಕಿದರು. ಹಿಟ್ಟು ಸರಿ ಬಂತು. ಉಳ್ಳಾಗಡ್ಡಿಯೂ ಸರಿ ಬಂತು. ಉಪ್ಪಿನಲ್ಲಿ ಮಾತ್ರ ಒಂದು ಸೊನ್ನೆ ತಾನಾಗಿಯೇ ಬಂದು ಹದಿನಾರು ಗ್ರಾಮಿನ ಪಕ್ಕದಲ್ಲಿ ಕುಳಿತುಕೊಂಡಿತು.

ಒಗ್ಗರಣೆ ಚಟಗುಟ್ಟಿತು. ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿಯ ಘಾಟು ಅಂಗಡಿ ದಾಟಿ ಬಜಾರಿಗೆ ಹರಡಿತು. ಮಧ್ಯಾಹ್ನದ ಹಸಿವಿನ ಹೊತ್ತು. ಮೊದಲು ಎದುರಿನ ಬಟ್ಟೆ ಅಂಗಡಿಯವರು ಬಂದು ಇಣುಕಿದರು. ಆಮೇಲೆ ಇಬ್ಬರು ಆಟೋದವರು ಬಂದು, "ಊಟ ತಯಾರದ ಏನ್ರಿ?" ಎಂದು ಬೆಂಚಿನ ಮೇಲೆ ಕುಳಿತೇಬಿಟ್ಟರು. ಬುಧವಾರದ ಹೊತ್ತಿಗೆ, ಭಾಂಡೆ ಸಾಹುಕಾರರು ಖಾನಾವಳಿ ತೆಗೆದಿದ್ದಾರೆ ಎಂಬ ಸುದ್ದಿ ಮೂರು ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡಿ, ನಗರಸಭೆಯ ಆರೋಗ್ಯ ನಿರೀಕ್ಷಕ ಪಂಡರಿಯವರ ಕಿವಿಗೆ ಬಿತ್ತು. ಅವರು ಸ್ಕೂಟರ್ ಏರಿ, ಫೈಲು ಹಿಡಿದು ಬಂದರು.

"ಖಾನಾವಳಿ ಲೈಸೆನ್ಸ್ ಎಲ್ಲದ ಸಾಹುಕಾರ್ರ?"

"ಇದು ಖಾನಾವಳಿ ಅಲ್ರಿ ಸಾಹೇಬ್ರ."

"ಒಲಿ ಅದ, ಕಡಾಯಿ ಅದ, ಮಂದಿ ಕುಂತಾರ. ಖಾನಾವಳಿ ಅಲ್ಲಂದ್ರ ಮತ್ತೇನಿದು?"

"ಪ್ರಾಕ್ಟೀಸ್ ಮಾಡಾಕತ್ತೀನ್ರಿ."

"ಯಾತರದು?"

"ಲಗ್ನದ್ದು."

ಪಂಡರಿಯವರು ಅಂಗಡಿಯೊಡೆಯನ ಬಿಳಿ ಕೂದಲನ್ನು ಒಮ್ಮೆ ನೋಡಿದರು, ಫೈಲನ್ನು ಒಮ್ಮೆ ನೋಡಿದರು. "ಈ ವಯಸ್ಸಿನಾಗ? ಮನಿಯವರಿಗೆ ಗೊತ್ತದೇನ್ರಿ?"

"ಅಕಿ ಸಲುವಾಗೇ ಇದೆಲ್ಲಾ ಆಗ್ಯದ್ರಿ. ಅಕಿ ಮಂಚ ಬಿಟ್ಟು ಕೆಳಗ ಇಳಿಯವಲ್ಲಳು."

"ಛೇ ಛೇ," ಎಂದು ಪಂಡರಿಯವರು ಮರುಗಿದರು. "ಯಾವ ದವಾಖಾನಿಗೆ ತೋರ್ಸೀರಿ?"

ವಿಷಯ ಬಿಡಿಸಿ ಹೇಳಲು ಅಜೀಮುದ್ದೀನರಿಗೆ ಹತ್ತು ನಿಮಿಷ ಬೇಕಾಯಿತು. ಎಲ್ಲ ಕೇಳಿ ಪಂಡರಿಯವರು, ಬಂದ ಕೆಲಸ ಅರ್ಧಕ್ಕೆ ಬಿಡಬಾರದೆಂದು, ಕರ್ತವ್ಯದ ದೃಷ್ಟಿಯಿಂದ ಒಂದು ಚಮಚೆ ಝುಣಕ ಬಾಯಿಗಿಟ್ಟರು. ಅವರ ಎರಡೂ ಕಣ್ಣು ತುಂಬಿ ಬಂದವು. ಎರಡು ತಂಬಿಗೆ ನೀರು ಕುಡಿದ ಮೇಲೆ ಫೈಲು ತೆರೆದು ಬರೆದರು: "ಸ್ಥಳ ಪರಿಶೀಲಿಸಲಾಯಿತು. ಇದು ಖಾನಾವಳಿ ಅಲ್ಲ. ಒಮ್ಮೆ ತಿಂದವರು ಮರಳಿ ಬರುವ ಸಂಭವವಿಲ್ಲ."

ಗುರುವಾರದಿಂದ ವಿದ್ಯಾಭ್ಯಾಸ ಮತ್ತೆ ಮನೆಯಲ್ಲೇ ಮುಂದುವರಿಯಿತು. ಉಪ್ಪಿನ ಸೊನ್ನೆಯನ್ನು ಮಗ ಕಿತ್ತುಹಾಕಿದ; ಶುಕ್ರವಾರದ ಹೊತ್ತಿಗೆ ಝುಣಕ ಬಾಯಿಗಿಡುವಂತಾಯಿತು. ಆದರೆ ರೊಟ್ಟಿ? ಜೋಳದ ರೊಟ್ಟಿ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಪರಾತದ ಅಗಲ ತಟ್ಟೆಯಲ್ಲಿ ಬಡಿಯುವಾಗ ಚೆನ್ನಾಗಿಯೇ ಇರುತ್ತಿತ್ತು. ಎತ್ತಿದೊಡನೆ ಮೂರು ಭಾಗವಾಗಿ, ಒಂದು ತವಾದ ಮೇಲೆ, ಒಂದು ಒಲೆಯ ಮೇಲೆ, ಒಂದು ಮಹಾರುದ್ರಪ್ಪನವರ ಪಾದದ ಮೇಲೆ ಬೀಳುತ್ತಿತ್ತು.

ಯಶೋದಾಬಾಯಿ ಈಗ ಮಂಚದಿಂದ ಮನೆಯ ಮುಂದಿನ ಕಟ್ಟೆಗೆ ಬಂದಿದ್ದರು. ಓಣಿಯ ಹೆಂಗಸರು ಅವರ ಸುತ್ತ ಸೇರುತ್ತಿದ್ದರು.

"ಯಶೋದಕ್ಕಾ, ನೀ ಇಲ್ಲಿ ಕುಂತೀದಿ. ಒಳಗ ಟಪ್ ಟಪ್ ಅಂತ ಯಾರು ಬಡ್ಯಾಕತ್ಯಾರ?"

"ನಮ್ಮವರು."

"ಯಾರಿಗೆ?"

"ರೊಟ್ಟಿ ಬಡ್ಯಾಕತ್ಯಾರವ್ವಾ, ಮಂದೀಗಲ್ಲ."

ಓಣಿ ಮೂಗಿನ ಮೇಲೆ ಬೆರಳಿಟ್ಟಿತು. ಮೂಲೆ ಮನೆಯ ಮುದುಕರೊಬ್ಬರು ಬಂದು, "ಮಹಾರುದ್ರಪ್ಪಾ, ಏನರ ಕಷ್ಟ ಇದ್ರ ನಮಗ ಹೇಳಬಾರ್ದೇನಪ್ಪಾ?" ಎಂದು ಕಿಟಕಿಯಿಂದ ಸಮಾಧಾನ ಹೇಳಿ ಹೋದರು.

ಶನಿವಾರ ಮಧ್ಯಾಹ್ನ ಒಂಬತ್ತನೆಯ ರೊಟ್ಟಿ ಹರಿದಾಗ ಒಳಗಿನಿಂದ ಒಂದು ನಿಟ್ಟುಸಿರು ಕಟ್ಟೆಯವರೆಗೂ ಕೇಳಿಸಿತು. ಯಶೋದಾಬಾಯಿಗೆ ಏನನ್ನಿಸಿತೋ, ಪಕ್ಕದಲ್ಲಿ ಕುಳಿತ ಹೆಂಗಸಿಗೆ ಓಣಿಯ ಆ ತುದಿಗೂ ಕೇಳುವಂತೆ ಹೇಳಿದರು:

"ಅಲ್ಲವ್ವಾ, ಕೆಲವು ಮಂದಿ ತಣ್ಣೀರಾಗ ಹಿಟ್ಟು ಕಲಸ್ತಾರಂತ. ಹರೀದೇ ಏನಾದೀತು? ಕುದಿಯೋ ನೀರು ಹಾಕಬೇಕು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಯಾರಿಗಿ ಗೊತ್ತದ ಇದು ಈಗಿನ ಕಾಲದಾಗ!"

"ನನಗ ಗೊತ್ತದಲ್ಲ ಯಶೋದಕ್ಕಾ," ಎಂದಳು ಆಕೆ.

"ನಿನಗ ಯಾರು ಹೇಳಾಕತ್ಯಾರ? ಸುಮ್ಮ ಕೂಡು."

ಒಳಗೆ ಟಪ್ ಟಪ್ ನಿಂತಿತು. ನೀರು ಕುದಿಯುವ ಸದ್ದಾಯಿತು. ಬಸವಕಿರಣ ಅಂಗಿಯ ತೋಳು ಮಡಚಿ ಹಿಟ್ಟು ನಾದಿದ. ಸ್ವಲ್ಪ ಹೊತ್ತಿನ ಮೇಲೆ ತಂದೆ ಮಗ ಇಬ್ಬರೂ ಒಟ್ಟಿಗೆ "ಹೋ!" ಎಂದು ಕೂಗಿದ್ದು ಕೇಳಿಸಿತು. ರೊಟ್ಟಿ ಇಡಿಯಾಗಿ ತವಾ ಮುಟ್ಟಿತ್ತು. ಯಶೋದಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ರವಿವಾರ ಹನ್ನೊಂದಕ್ಕೆ ಸರಿಯಾಗಿ ಹುಮನಾಬಾದಿನ ಕಾರು ಬಂದು ನಿಂತಿತು. ಸಂಜೀವಕುಮಾರರು, ಶಕುಂತಲಾಬಾಯಿ, ದೀಪಾಲಿ. ಅವರ ಹಿಂದೆ ಕೋಲೂರಿಕೊಂಡು ಎಂಬತ್ತು ದಾಟಿದ ತುಳಜಾಬಾಯಿ. ಯಶೋದಾಬಾಯಿ ಇಳಕಲ್ ಸೀರೆ ಉಟ್ಟು ಮಹಾರಾಣಿಯಂತೆ ಕುಳಿತಿದ್ದರು. ಶಕುಂತಲಾಬಾಯಿ ತಮ್ಮನ ಕಡೆ ನೋಡಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು.

ಮಹಾರುದ್ರಪ್ಪನವರ ಯೋಜನೆ ಸರಳವಾಗಿತ್ತು. ಬೀಗರು ಹೊರಗೆ ಕುಳಿತಿರುವುದು, ತಾವು ಒಳಗೆ ಮಗನ ಜೊತೆ ಹೇಗೋ ಏಗುವುದು, ಹರಿದದ್ದನ್ನು ತಾವೇ ತಿಂದು ಹರಿಯದ್ದನ್ನು ಹೊರಗೆ ಕಳಿಸುವುದು. ಆದರೆ ತುಳಜಾಬಾಯಿ ಹೊರಗೆ ಕೂರಲಿಲ್ಲ. ಕೋಲೂರಿಕೊಂಡು ನೆಟ್ಟಗೆ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡರು.

"ಎಂಬತ್ತು ವರ್ಷಾತು, ಗಂಡಸು ರೊಟ್ಟಿ ಬಡಿಯೂದು ನೋಡಿಲ್ಲ. ನಾ ಇಲ್ಲೇ ಕುಂಡ್ರತೀನಪ್ಪಾ."

ಅಜ್ಜಿಯ ಹಿಂದೆ ದೀಪಾಲಿ ಬಂದಳು. ಆಕೆಯ ಹಿಂದೆ ಶಕುಂತಲಾಬಾಯಿ, ಯಶೋದಾಬಾಯಿ. ಎಲ್ಲರೂ ಒಳಗೆ ಹೋದ ಮೇಲೆ ತಾನೊಬ್ಬನೇ ಹೊರಗೇಕೆಂದು ಸಂಜೀವಕುಮಾರರೂ ಬಂದು ಹೊಸ್ತಿಲ ಮೇಲೆ ನಿಂತರು.

ಮಹಾರುದ್ರಪ್ಪನವರು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದು ಕಡಾಯಿ ಏರಿಸಿದರು. ಎಣ್ಣೆ, ಸಾಸಿವೆ, ಬಳ್ಳೊಳ್ಳಿ, ಉಳ್ಳಾಗಡ್ಡಿ. ನೀರು ಕುದಿಯಿತು. ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಿದರು. ಉಸಿರು ಬಿಡಲೂ ಇಲ್ಲ. ಅದು ನಿಯಮಕ್ಕಾಗಿ ಅಲ್ಲ, ಭಯಕ್ಕೆ. ಗಂಟಿಲ್ಲದ ಹಳದಿ ಝುಣಕ ಕಡಾಯಿಯಲ್ಲಿ ಹೊಳೆಯಿತು. ತುಳಜಾಬಾಯಿ ಬೆರಳಲ್ಲಿ ಇಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡು, "ಹ್ಞೂಂ," ಎಂದರು.

ಆ ಒಂದು ಹ್ಞೂಂಕಾರಕ್ಕೆ ಮಹಾರುದ್ರಪ್ಪನವರ ಎದೆ ಎರಡು ಗೇಣು ಉಬ್ಬಿತು. ಅವರು ಹಿಟ್ಟಿನ ಉಂಡೆ ತೆಗೆದುಕೊಂಡು ರೊಟ್ಟಿ ಬಡಿದು, ಎರಡೂ ಅಂಗೈಯಲ್ಲಿ ಎತ್ತಿ, ಇಡಿಯಾಗಿ ತವಾದ ಮೇಲೆ ಹಾಕಿ, ಮೇಲೆ ನೀರು ಸವರಿದರು. ಎಲ್ಲವೂ ಸರಿಯಾಗಿತ್ತು.

ಆಗ ಹೊರಗಿನಿಂದ ಗಾಳಿ ಬೀಸಿ ಗ್ಯಾಸಿನ ಉರಿ ಅಲುಗಿತು.

"ಸಂಜೀವಾ, ಒಳಗ ಬಂದು ಆ ಕದ ಮುಚ್ಚು. ಉರಿ ಹೋಗ್ತದ," ಎಂದರು ತುಳಜಾಬಾಯಿ.

ಸಂಜೀವಕುಮಾರರು ಒಳಗೆ ಬಂದು ಕದ ಮುಚ್ಚಿದರು. ಕದದ ಹಿಂದೆ, ಆರು ದಿನಗಳಿಂದ ಅಂಟಿಕೊಂಡಿದ್ದ ಡ್ರಾಯಿಂಗ್ ಹಾಳೆ ಎಲ್ಲರ ಎದುರಿಗೆ ಬಂದು ನಿಂತಿತು. ಅದನ್ನು ತೆಗೆಯಬೇಕೆಂಬುದನ್ನು ಮಗನಿಗೆ ಅಪ್ಪ ನೆನಪಿಸಬೇಕಾಗಿತ್ತು, ಅಪ್ಪನಿಗೆ ಮಗ ನೆನಪಿಸಬೇಕಾಗಿತ್ತು.

ದೀಪಾಲಿ ಹತ್ತಿರ ಹೋದಳು. ದಿನಾ ಲ್ಯಾಬಿನಲ್ಲಿ ಇಂಥ ಹಾಳೆಗಳನ್ನೇ ಓದುವ ಕಣ್ಣು. ಆಕೆ ಸ್ಪಷ್ಟವಾಗಿ, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದಳು:

"ಸೋಮವಾರ. ಪ್ರಯೋಗ ಒಂದು: ಒಲೆ ಹೊತ್ತಿಸುವುದು. ಫಲಿತಾಂಶ: ಅರ್ಧ ಗಂಟೆಯ ನಂತರ ಯಶಸ್ವಿ. ಷರಾ: ರೆಗ್ಯುಲೇಟರ್ ತೆರೆದಿರಲಿಲ್ಲ."

ದೀಪಾಲಿ ಬೆರಳನ್ನು ಮುಂದಿನ ಸಾಲಿಗೆ ಸರಿಸಿದಳು.

"ಪ್ರಯೋಗ ಎರಡು: ಚಹಾ. ಫಲಿತಾಂಶ: ನೆಲದ ಮೇಲೆ. ಮಂಗಳವಾರ, ಪ್ರಯೋಗ ಐದು: ಝುಣಕ. ಫಲಿತಾಂಶ: ಗಂಟು ಮತ್ತು ಉಪ್ಪು. ಷರಾ: ಒಂದು ಸೊನ್ನೆ ಹೆಚ್ಚು. ಗುರುವಾರ, ಪ್ರಯೋಗ ಹನ್ನೊಂದು: ರೊಟ್ಟಿ. ಫಲಿತಾಂಶ: ಬೀದರ್ ಜಿಲ್ಲೆಯ ನಕಾಶೆಯಂತೆ ಬಂತು. ಷರಾ: ಹುಮನಾಬಾದ್ ತಾಲೂಕು ಹರಿದು ಬಿತ್ತು."

ಹುಮನಾಬಾದ್ ತಾಲೂಕಿನವರೆಲ್ಲರೂ ಮಹಾರುದ್ರಪ್ಪನವರ ಕಡೆ ತಿರುಗಿದರು. ಬಸವಕಿರಣ ಹಿಟ್ಟು ಮೆತ್ತಿದ ಕೈಯಿಂದಲೇ ಹಣೆ ಒತ್ತಿಕೊಂಡ.

"ಅಂದ್ರ?" ಸಂಜೀವಕುಮಾರರ ದನಿ ಏರಿತು. "ಹದಿನೈದು ವರ್ಷ ಅಲ್ಲ, ಬರೀ ಆರು ದಿನಾ ಏನ್ರಿ? ಎಲ್ಲಾ ನಾಟಕಾ ಏನ್ರಿ ಇದು?"

ಮಹಾರುದ್ರಪ್ಪನವರು ಒಮ್ಮೆ ಮಗನ ಮುಖ ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು. ಆಮೇಲೆ ಹಿಟ್ಟಿನ ಕೈ ಜೋಡಿಸಿದರು.

"ಸುಳ್ಳು ಹೇಳೀನ್ರಿ. ಆ ಅಕ್ಕಾರು ಕೇಳಿದಾಗ 'ಇಲ್ಲ' ಅನ್ನಾಕ ನಾಚಿಕಿ ಆತು. ಐವತ್ತಾರು ವರ್ಷದಾಗ ಒಂದು ದಿನ ಒಲಿ ಹಚ್ಚಿದಾಂವ ಅಲ್ಲ. ಇಕಿ ಮಾಡಿ ಹಾಕಿದ್ದು ತಿಂದೀನಿ, ಹೋಗಿ ಮಂದೀಗಿ ಉಪದೇಶ ಮಾಡೀನಿ. ಈ ಆರು ದಿನದಾಗ ಕೈ ಸುಟ್ಟಾಗ ತಿಳೀತು ನನಗೇನೂ ಬರಂಗಿಲ್ಲಂತ. ತಪ್ಪು ನಂದು. ಹುಡುಗನ ಮ್ಯಾಲ ಹಾಕಬ್ಯಾಡ್ರಿ."

"ನಡೀ ದೀಪಾಲಿ," ಎಂದರು ಸಂಜೀವಕುಮಾರರು.

"ಏ ಸಂಜೀವಾ!" ತುಳಜಾಬಾಯಿಯ ಕೋಲು ನೆಲಕ್ಕೆ ಬಡಿಯಿತು. "ನೀ ಜರಾ ಸುಮ್ಮಿರು. ನಿನಗ ಗ್ಯಾಸ್ ಹಚ್ಚಾಕ ಬರ್ತದೇನು?"

ಸಂಜೀವಕುಮಾರರು ಮೇಲೆ ತಾರಸಿಯ ಕಡೆ ನೋಡಿದರು.

"ಚಹಾಕ್ಕ ಪುಡಿ ಎಲ್ಲಿರ್ತದ, ಅದರ ಗೊತ್ತದೇನು?"

ಸಂಜೀವಕುಮಾರರು ತಾರಸಿ ನೋಡುತ್ತಲೇ ಇದ್ದರು.

ಅಷ್ಟರಲ್ಲಿ ಮಹಾರುದ್ರಪ್ಪನವರಿಗೆ ತವಾ ನೆನಪಾಯಿತು. "ಸರೀರಿ, ಸರೀರಿ! ರೊಟ್ಟಿ!" ಎಂದು ಬೀಗರನ್ನು ಎರಡೂ ಕಡೆಗೆ ತಳ್ಳಿಕೊಂಡು ಒಲೆಯತ್ತ ನುಗ್ಗಿದರು. ಮಾನಾಪಮಾನ, ಸಂಬಂಧ, ಸುಳ್ಳು, ಯಾವುದೂ ಆ ಗಳಿಗೆಯಲ್ಲಿ ಅವರ ತಲೆಯಲ್ಲಿರಲಿಲ್ಲ, ರೊಟ್ಟಿಯೊಂದೇ ಇತ್ತು. ಬರಿ ಬೆರಳಿಂದಲೇ ಅದನ್ನು ಎತ್ತಿ ಮಗುಚಿದರು. ಬಟ್ಟೆಯಿಂದ ಅಂಚು ಒತ್ತಿದರು. ರೊಟ್ಟಿ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಡುವೆ ಮೆಲ್ಲಗೆ ಎದ್ದು, ಎಲ್ಲರೂ ನೋಡನೋಡುತ್ತಿದ್ದಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಉಬ್ಬಿ ನಿಂತಿತು. ಎಲ್ಲಿಯೂ ಹರಿದಿರಲಿಲ್ಲ. ಇಷ್ಟು ದಿನಗಳಲ್ಲಿ ಹೀಗಾದದ್ದು ಇದೇ ಮೊದಲು.

"ಉಬ್ಬಿತು!" ಎಂದು ಕೂಗಿದವರು ಯಾರೆಂದು ಎಲ್ಲರೂ ನೋಡಿದರೆ, ಅದು ಸಂಜೀವಕುಮಾರರು.

ದೀಪಾಲಿ ನಗುತ್ತಿದ್ದಳು. "ಮಾವಾರ, ಒಂದು ಮಾತು ಹೇಳ್ಲಿ? ನಾ ಮೂರು ಮನಿ ನೋಡೀನ್ರಿ. ಒಂದು ಮನ್ಯಾಗ 'ನಮ್ಮಲ್ಲಿ ಎಲ್ಲಾರೂ ಸಮಾನ' ಅಂದ್ರು, ಅಷ್ಟಂದು ನೀರು ತಾ ಅಂತ ಸೊಸೀನ್ನ ಕರದ್ರು. ನಮ್ಮ ಲ್ಯಾಬಿನಾಗ ತಪ್ಪಾದ್ರ ಅಳಿಸೂ ಹಂಗಿಲ್ಲ, ಹಂಗೇ ಬರ್ದು ಇಡಬೇಕು. ಹಂಗ ಬರ್ದಿಟ್ಟ ಮನಿ ನಾ ನೋಡಿದ್ದು ಇದೊಂದೇ." ಬಸವಕಿರಣನ ಕಡೆ ತಿರುಗಿದಳು. "ಇದು ಯಾರ ಅಕ್ಷರ?"

"ನಂದೇ," ಎಂದ ಬಸವಕಿರಣ, ಹಣೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ. "ಹಿಟ್ಟು ನಾದಿದ್ದೂ ನಾನೇ. ಬಡ್ಯಾಕ ಇನ್ನಾ ಬರಂಗಿಲ್ಲ."

"ಖರೇ ಹೇಳಿದ್ರಿ, ಸಾಕು."

ಆಕೆ ತೂಗಾಡುತ್ತಿದ್ದ ಪೆನ್ಸಿಲ್ ಹಿಡಿದು ಹಾಳೆಯ ಕೊನೆಯ ಸಾಲಿನಲ್ಲಿ ಬರೆದಳು. ಪ್ರಯೋಗ ಇಪ್ಪತ್ತಮೂರು: ರೊಟ್ಟಿ. ಫಲಿತಾಂಶ: ಉಬ್ಬಿತು. ಷರಾದ ಕಾಲಮಿನಲ್ಲಿ ಸ್ವಲ್ಪ ತಡೆದು, ಅಜ್ಜಿಯ ಮುಖ ನೋಡಿ, "ಒಪ್ಪಿಗೆ" ಎಂದು ಬರೆದಳು.

ಶಕುಂತಲಾಬಾಯಿ, "ನಾ ಮೊದಲೇ ಹೇಳಿರಲಿಲ್ಲೇನು?" ಎಂದರು. ಏನು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ.

ಬೀಗರೆಲ್ಲ ಅಡುಗೆಮನೆಯ ನೆಲದ ಮೇಲೆಯೇ ಸಾಲಾಗಿ ಕುಳಿತು ಉಂಡರು. ಝುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೊಸರು. ಮಹಾರುದ್ರಪ್ಪನವರು ಬಡಿದರು, ಬಸವಕಿರಣ ನಾದಿದ. ಎರಡು ರೊಟ್ಟಿ ಹರಿದವು. ಸಂಜೀವಕುಮಾರರೇ ಅವನ್ನು ಕೇಳಿ ಹಾಕಿಸಿಕೊಂಡರು. ತುಳಜಾಬಾಯಿ ಹಲ್ಲಿಲ್ಲದ ಬಾಯಿಯಲ್ಲಿ ಝುಣಕವನ್ನೇ ಮೂರು ಸಲ ಬಡಿಸಿಕೊಂಡರು.

ಊಟ ಮುಗಿಯುತ್ತ ಬಂದಾಗ ಯಶೋದಾಬಾಯಿ ಖಾಲಿ ತಾಟು ಎತ್ತಲು ಎದ್ದರು. ಬೀಗರ ಉಪಚಾರದ ಗಡಿಬಿಡಿಯಲ್ಲಿ ಅವರು ಉಂಡೇ ಇರಲಿಲ್ಲ. ತುಳಜಾಬಾಯಿ ಅವರ ಕೈ ಹಿಡಿದು ಜಗ್ಗಿ ಕೂರಿಸಿದರು. "ನೀ ಎಲ್ಲಿ ಹೊಂಟಿ? ಕೂಡವ್ವಾ. ಏ ಮಹಾರುದ್ರಪ್ಪಾ, ಇಕಿಗಿ ಹಾಕಪಾ."

ಮಹಾರುದ್ರಪ್ಪನವರು ತವಾದ ಮೇಲಿಂದ ಉಬ್ಬಿದ ರೊಟ್ಟಿಯನ್ನು ನೇರವಾಗಿ ಹೆಂಡತಿಯ ತಾಟಿಗೆ ಹಾಕಿದರು. ಯಶೋದಾಬಾಯಿ ಮುರಿಯಲು ಹೋಗಿ ಬೆರಳು ಹಿಂದಕ್ಕೆ ಎಳೆದುಕೊಂಡರು.

"ಸುಡಾಕತ್ತದ," ಎಂದರು, ಆಶ್ಚರ್ಯದಿಂದ.

ಮದುವೆಯಾದಾಗಿನಿಂದ ಅವರು ಸಾವಿರಾರು ರೊಟ್ಟಿ ಬಡಿದಿದ್ದರು. ಎಲ್ಲರದೂ ಆದ ಮೇಲೆ, ಒಲೆ ಆರಿದ ಮೇಲೆ, ಉಳಿದ ತಣ್ಣನೆಯ ರೊಟ್ಟಿ ಅವರದು. ತಾಟಿನಲ್ಲಿ ಹಬೆಯಾಡುವ ರೊಟ್ಟಿ ಅವರಿಗೆ ಹೊಸದು. ಅವರು ಊದಿ ಊದಿ ಮುರಿದು, ಝುಣಕ ಹಚ್ಚಿ ಬಾಯಿಗಿಟ್ಟರು. ಮನೆಯಲ್ಲಿದ್ದವರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. ನಗರಸಭೆಯ ತನಿಖೆಗೂ ಹೆದರದ ಮಹಾರುದ್ರಪ್ಪನವರು ಈಗ ಕೈಯಲ್ಲಿನ ಉಂಡೆಯನ್ನು ಪರಾತಕ್ಕೆ ಇಡುವುದನ್ನೇ ಮರೆತರು.

ಯಶೋದಾಬಾಯಿ ಮೊದಲನೆಯದು ಮುಗಿಸಿದರು. ಎರಡನೆಯದು ಮುಗಿಸಿದರು. ಮೂರು, ನಾಲ್ಕು. ಹಣೆಯ ಬೆವರು ತೋಳಿನಿಂದ ಒರೆಸಿಕೊಳ್ಳುತ್ತ ಮಹಾರುದ್ರಪ್ಪನವರು ಬಡಿಯುತ್ತಲೇ ಇದ್ದರು. ಐದನೆಯದರ ಕೊನೆಯ ತುಣುಕು ಬಾಯಿಗೆ ಹಾಕಿಕೊಂಡು ಯಶೋದಾಬಾಯಿ ತಾಟನ್ನು ಇಷ್ಟೇ ಇಷ್ಟು ಮುಂದೆ ಸರಿಸಿದರು.

"ಇನ್ನೊಂದು ಹಾಕ್ರಿ."

"ಹಾಕ್ತೀನಿ, ನೀ ಉಣ್ಣು," ಎಂದರು ಮಹಾರುದ್ರಪ್ಪನವರು, ಆರನೆಯ ಉಂಡೆಯನ್ನು ಪರಾತದಲ್ಲಿ ಇಡುತ್ತ. ಮುಚ್ಚಿದ ಕದದಾಚೆ ಓಣಿಯ ಹೆಂಗಸರೆಲ್ಲ ಆ ಟಪ್ ಟಪ್ ಸದ್ದನ್ನು ಕೇಳುತ್ತ ನಿಂತಿದ್ದರು.